ಸಾಧಿಸಿ ಪಡೆದ ಕಂಠ

ನಾಟಕವನ್ನು ನೋಡಿ ಮನೆಗೆ ಮರಳುವ ಪ್ರೇಕ್ಷಕನು ಸಾಮಾನ್ಯವಾಗಿ ನಾಯಕನ ಹೆಸರನ್ನೂ ನಾಯಿಕೆಯ ರೂಪವನ್ನೂ ನೆನಪಿನಲ್ಲಿ ಹೊತ್ತು ಬರುತ್ತಾನೆ. ಅವರ ಪಕ್ಕದಲ್ಲಿ ನಿಂತು, ಅವರ ಮಾತಿಗೆ ಮಾತು ಕೊಟ್ಟು, ಅವರ ಗುಣಾವಗುಣಗಳು ಬೆಳಗುವಂತೆ ಮಾಡಿದ ಉಳಿದ ಪಾತ್ರಧಾರಿಗಳು ಅವನಿಗೆ ಹೆಸರಿಲ್ಲದ ಮುಖಗಳಾಗಿಯೇ ಉಳಿಯುತ್ತಾರೆ. ಪ್ರಾಚೀನ ಲಾಕ್ಷಣಿಕರು ಮಾತ್ರ ಇವರನ್ನು ಮರೆಯಲಿಲ್ಲ. ಪೀಠಮರ್ದ, ವಿಟ, ಚೇಟ, ವಿದೂಷಕ, ಪ್ರತಿನಾಯಕ ಎಂದು ನಾಯಕನ ಸುತ್ತಣ ಪಾತ್ರಗಳಿಗೆಲ್ಲ ಅವರು ಲಕ್ಷಣ ಹೇಳಿದರು. ಸ್ಥಾಯಿಯು ರಸವಾಗಿ ಪರಿಣಮಿಸಬೇಕಾದರೆ ಸಂಚಾರಿಗಳ ನೆರವು ಬೇಕೆಂದೂ ತಿಳಿಸಿದರು. ಚಲನಚಿತ್ರವೆಂಬ ಹೊಸ ಕಲೆಗೂ ಈ ಮಾತು ಅನ್ವಯಿಸುತ್ತದೆ. ಅಮೆರಿಕದ ಹಾಲಿವುಡ್ಡಿನ ದೊಡ್ಡ ಸಂಸ್ಥೆಗಳು ನಟನಟಿಯರನ್ನು ವರ್ಷಗಟ್ಟಲೆ ಕರಾರಿನ ಮೇಲೆ ಸಂಬಳಕ್ಕೆ ಇಟ್ಟುಕೊಳ್ಳುತ್ತಿದ್ದ ೧೯೩೦ ಮತ್ತು ೧೯೪೦ರ ದಶಕಗಳಲ್ಲಿ, ತಾರೆಗಳ ಜತೆಯಲ್ಲಿ ಸಮರ್ಥರಾದ ಪೋಷಕ ನಟರ ಒಂದು ಸಮೂಹವೇ ಅಲ್ಲಿತ್ತು. ಆ ಸಮೂಹದಲ್ಲಿ ಅಗ್ರಗಣ್ಯರೆನಿಸಿದವರು ಕ್ಲಾಡ್ ರೇನ್ಸ್. ಅವರ ಕೀರ್ತಿಗೆ ಮುಖ್ಯ ಕಾರಣ ಅವರ ಕಂಠ. ಆ ಕಂಠವು ಅವರಿಗೆ ಹುಟ್ಟಿನಿಂದ ಬಂದುದಲ್ಲವೆಂಬುದೇ ಅವರ ಜೀವನದಲ್ಲಿ ಮನನ ಮಾಡತಕ್ಕ ಸಂಗತಿಯಾಗಿದೆ.

ವಿಲಿಯಂ ಕ್ಲಾಡ್ ರೇನ್ಸ್ ಹುಟ್ಟಿದ್ದು ೧೮೮೯ನೆಯ ನವೆಂಬರ್ ೧೦ರಂದು, ಲಂಡನ್ ನಗರದಲ್ಲಿ ಥೇಮ್ಸ್ ನದಿಯ ದಕ್ಷಿಣಕ್ಕಿರುವ ಒಂದು ಬಡಾವಣೆಯಲ್ಲಿ. ತಂದೆ ಫ್ರೆಡರಿಕ್ ರೇನ್ಸ್ ನಾಟಕದ ನಟ. ಸಂಪಾದನೆಗೆ ನೆಲೆಯಿಲ್ಲ, ಮನೆಯಲ್ಲಿ ಕಡುಬಡತನ. ಹುಟ್ಟಿದ ಮಕ್ಕಳಲ್ಲಿ ಹಲವರು ಶೈಶವದಲ್ಲಿಯೇ ತೀರಿಕೊಂಡರು. ಬದುಕಿ ಉಳಿದ ಈ ಹುಡುಗನು ಶಾಲೆಯನ್ನು ಬೇಗನೆ ಬಿಟ್ಟು, ಬೀದಿಯಲ್ಲಿ ವೃತ್ತಪತ್ರಿಕೆ ಮಾರಿ, ದೊರೆತ ಕಾಸನ್ನು ತಾಯಿಯ ಕೈಗೆ ತಂದು ಕೊಡುತ್ತಿದ್ದನು. ಅವನ ಮಾತು ಲಂಡನ್ನಿನ ಬಡಜನರ ಕಾಕ್ನಿ ಎಂಬ ಆಡುನುಡಿ. ಅದರಲ್ಲಿ ಪದದ ಮೊದಲಿನ ಹಕಾರವು ಬಿದ್ದುಹೋಗಿ ಸ್ವರವೊಂದೇ ನಿಲ್ಲುತ್ತದೆ. ಕನ್ನಡ ಕಲಿಸುವ ಅಧ್ಯಾಪಕರಿಗೆ ಈ ಹಕಾರಲೋಪವು ಅಪರಿಚಿತವಾದುದೇನಲ್ಲ. ಇದರ ಮೇಲೆ ಹುಡುಗನಿಗೆ ನಾಲಗೆಯ ದೋಷವೂ ಇತ್ತು. ರೇಫವನ್ನು ನುಡಿಯಲಾರದೆ ಅದರ ಸ್ಥಾನದಲ್ಲಿ ವಕಾರವನ್ನು ಹೇಳುತ್ತಿದ್ದನು. ಹೀಗಾಗಿ ತನ್ನ ಮನೆತನದ ಹೆಸರಾದ ರೇನ್ಸ್ ಎಂಬುದೇ ಅವನ ಬಾಯಲ್ಲಿ ವೇನ್ಸ್ ಆಗುತ್ತಿತ್ತು. ತನ್ನ ಹೆಸರನ್ನು ತಾನೇ ನೆಟ್ಟಗೆ ಹೇಳಿಕೊಳ್ಳಲಾರದ ಬಾಲಕನು ಮುಂದೆ ವಾಚಿಕಾಭಿನಯದಲ್ಲಿ ಆಚಾರ್ಯನಾಗುವನೆಂದು ಆಗ ಯಾರು ತಾನೆ ನುಡಿಯಬಹುದಾಗಿತ್ತು!

೧೯೦೦ರಲ್ಲಿ, ತನ್ನ ಹತ್ತನೆಯ ವಯಸ್ಸಿನಲ್ಲಿ, ಲಂಡನ್ನಿನ ಹೇಮಾರ್ಕೆಟ್ ನಾಟಕಶಾಲೆಯ ಒಂದು ನಾಟಕದಲ್ಲಿ ಗುಂಪಿನ ಹುಡುಗರ ನಡುವೆ ಅವನು ಮೊದಲ ಬಾರಿಗೆ ರಂಗವನ್ನೇರಿದನು. ಬಳಿಕ ಅವನಿಗೆ ದೊರೆತುದು ಹಿಸ್ ಮೆಜೆಸ್ಟೀಸ್ ಥಿಯೇಟರಿನಲ್ಲಿ ನಟರನ್ನು ಅವರವರ ಪ್ರವೇಶದ ಹೊತ್ತಿಗೆ ಕೂಗಿ ಕರೆಯುವ ಹುಡುಗನ ಕೆಲಸ. ಮುಂದೆ ನಟರಿಗೆ ಮರೆತ ಮಾತನ್ನು ಮರೆಯಿಂದ ಒದಗಿಸುವವನಾದನು, ಅನಂತರ ರಂಗವ್ಯವಸ್ಥಾಪಕನಾದನು. ಇಷ್ಟು ಕಾಲವೂ ನೇಪಥ್ಯವೇ ಅವನ ಪಾಠಶಾಲೆ. ಒಳ್ಳೆಯ ಮಾತು ಹೇಗಿರುತ್ತದೆಂದು ಅವನ ಕಿವಿಗೆ ದಿನದಿನವೂ ತಿಳಿಯುತ್ತಿತ್ತು; ನಾಲಗೆಗೆ ಮಾತ್ರ ಅದು ಬರುತ್ತಿರಲಿಲ್ಲ.

ಆ ನಾಟಕಶಾಲೆಯ ಒಡೆಯರೂ ಆ ಕಾಲದ ಪ್ರಖ್ಯಾತ ನಟರೂ ಆಗಿದ್ದ ಹರ್ಬರ್ಟ್ ಬೀರ್‌ಬೋಮ್ ಟ್ರೀ ಎಂಬವರ ದೃಷ್ಟಿ ಈ ಹುಡುಗನ ಮೇಲೆ ಬಿದ್ದಿತು. ೧೯೦೪ರಲ್ಲಿ ಲಂಡನ್ನಿನಲ್ಲಿ ನಟನ ವಿದ್ಯಾಲಯವೊಂದನ್ನು ಸ್ಥಾಪಿಸಿದವರೂ ಇವರೇ. ಇಂದು ಅದು ರಾಯಲ್ ಅಕಾಡೆಮಿ ಆಫ್ ಡ್ರಮ್ಯಾಟಿಕ್ ಆರ್ಟ್ ಎಂದು ಲೋಕಪ್ರಸಿದ್ಧವಾಗಿದೆ. ಹುಡುಗನಲ್ಲಿ ನಟನಿದ್ದಾನೆಂಬುದನ್ನು ಕಂಡುಕೊಂಡ ಟ್ರೀ ಅವರು ಬರಿಯ ಹೊಗಳಿಕೆಯಿಂದ ತೃಪ್ತರಾಗಲಿಲ್ಲ. ಉಚ್ಚಾರಣಶಾಸ್ತ್ರದ ಪುಸ್ತಕಗಳಿಗೂ ಮಾತು ತಿದ್ದುವ ಪಾಠಗಳಿಗೂ ತಮ್ಮ ಕೈಯಿಂದ ಹಣ ಕೊಟ್ಟರು. ದೊಡ್ಡವರ ಸಂಪತ್ತಿನಲ್ಲಿ ಅದು ಎಷ್ಟರದು! ಆದರೆ ಕೊಡಬೇಕಾದ ಹೊತ್ತಿನಲ್ಲಿ, ಕೊಡಬೇಕಾದವನಿಗೆ, ಅವನಿಗೆ ಯಾವುದು ಇಲ್ಲವೋ ಅದನ್ನೇ ಆರಿಸಿ ಕೊಟ್ಟ ದಾನವದು. ಹಸಿದವನಿಗೆ ಅನ್ನವಿಕ್ಕುವವರು ಲೋಕದಲ್ಲಿ ಹಲವರಿದ್ದಾರೆ. ಒಬ್ಬ ಕೂಗಾಳು ಹುಡುಗನ ನಾಲಗೆಯಲ್ಲಿ ರೇಫವಿಲ್ಲವೆಂಬುದನ್ನು ಗಮನಿಸಿ ಅದನ್ನು ಕೊಡಿಸಬೇಕೆಂದು ಯೋಚಿಸುವವರು ವಿರಳ.

ದಾನಿಯು ಪುಸ್ತಕವನ್ನು ಕೊಡಬಲ್ಲನಲ್ಲದೆ ನಾಲಗೆಯನ್ನು ಕೊಡಲಾರನು. ಉಳಿದುದು ಹುಡುಗನ ಪಾಲಿನ ದುಡಿಮೆ. ಒಂದೊಂದು ಧ್ವನಿಯನ್ನೂ ಬೇರೆ ಬೇರೆ ಹಿಡಿದು, ಅದರ ಸ್ಥಾನವನ್ನೂ ಪ್ರಯತ್ನವನ್ನೂ ಅರಿತು, ಮತ್ತೆ ಮತ್ತೆ ನುಡಿದು, ಹಳೆಯ ಅಭ್ಯಾಸವನ್ನು ಹೊಸ ಅಭ್ಯಾಸದಿಂದಲೇ ಗೆಲ್ಲಬೇಕಾಗಿತ್ತು. ವರ್ಷಗಳ ಮೇಲೆ ವರ್ಷ ಸಂದ ಬಳಿಕ ಮೂಡಿದ ಕಂಠವು ಗಂಭೀರವಾಗಿತ್ತು. ಅಂಚಿನಲ್ಲಿ ತುಸು ಒರಟಾಗಿ, ಒಳಗೆ ಮಖಮಲ್ಲಿನಂತೆ ಮೃದುವಾಗಿತ್ತು. ಪಿಸುಮಾತು ಸಹ ನಾಟಕಶಾಲೆಯ ಕೊನೆಯ ಸಾಲಿಗೆ ಮುಟ್ಟುತ್ತಿತ್ತು.

ಇಲ್ಲಿ ವಿಚಾರವಂತರಿಗೆ ಒಂದು ಶಂಕೆ ಹುಟ್ಟದಿರದು. ಹುಟ್ಟಿದ ಮನೆಯ ನುಡಿಯನ್ನು ತೊಡೆದುಹಾಕಿ ಗಳಿಸಿದ ನುಡಿಯು ಲಾಭವೋ ನಷ್ಟವೋ? ಕಾಕ್ನಿಯು ತಾಯಿಯ ಜೋಗುಳದ ಭಾಷೆ. ಅದರಲ್ಲಿಯೂ ಹಾಸ್ಯವುಂಟು, ಕರುಣವುಂಟು, ಬಾಳಿದ ಜನರ ವಿವೇಕವುಂಟು. ಆದರೆ ಆ ಕಾಲದ ಆಂಗ್ಲ ರಂಗಭೂಮಿಯಲ್ಲಿ ಆ ನುಡಿಯವನಿಗೆ ಸೇವಕನ ಮತ್ತು ವಿದೂಷಕನ ವೇಷಗಳಲ್ಲದೆ ಬೇರೆ ದೊರೆಯುವ ಆಸೆಯಿರಲಿಲ್ಲ. ರಾಜನ ಮಾತನ್ನಾಡಬೇಕಾದರೆ ರಾಜಸಭೆಯ ಉಚ್ಚಾರಣೆ ಬೇಕಾಗಿತ್ತು. ರೇನ್ಸ್ ಆ ಬೆಲೆಯನ್ನು ತೆತ್ತರು. ಅದಕ್ಕೆ ಪ್ರತಿಯಾಗಿ ಬಂದ ಫಲವು ವಿಚಿತ್ರವಾದುದು. ಯಾವ ಕೇರಿಗೂ ಸೇರದ, ಕಟ್ಟಿ ನಿಲ್ಲಿಸಿದ ಕಂಠವಾದುದರಿಂದ ಅದು ಯಾವ ದೇಶದಲ್ಲಿ ಬೇಕಾದರೂ ವಾಸ ಮಾಡಬಲ್ಲುದಾಯಿತು. ಮುಂದೆ ತೆರೆಯ ಮೇಲೆ ಅವರು ಫ್ರೆಂಚ್ ಪೊಲೀಸ್ ಅಧಿಕಾರಿಯಾದರು, ಅಮೆರಿಕದ ಶಾಸನಕರ್ತರಾದರು, ಇಂಗ್ಲೆಂಡಿನ ರಾಜಕುಮಾರರಾದರು, ಜರ್ಮನ್ ಸಂಚುಗಾರರಾದರು, ರೋಮಿನ ಸೀಸರರೂ ಆದರು. ಕಂಠವು ಬಹುಮಟ್ಟಿಗೆ ಒಂದೇ. ಕೇಳುವವರಿಗೆ ಎಲ್ಲಿಯೂ ಅದು ಅಸಹಜವೆನಿಸಲಿಲ್ಲ.

೧೯೧೪ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ರೇನ್ಸ್ ಅವರು ಲಂಡನ್ ಸ್ಕಾಟಿಷ್ ಎಂಬ ದಳದಲ್ಲಿ ಸೈನಿಕರಾದರು. ಮುಂದೆ ಚಲನಚಿತ್ರದಲ್ಲಿ ಹೆಸರಾಂತರಾದ ರೊನಾಲ್ಡ್ ಕೋಲ್ಮನ್, ಬೇಸಿಲ್ ರ್‍ಯಾಥ್ಬೋನ್, ಹರ್ಬರ್ಟ್ ಮಾರ್ಷಲ್ ಇವರೂ ಆ ದಳದಲ್ಲಿಯೇ ಸೇವೆ ಸಲ್ಲಿಸಿದವರು. ಫ್ರಾನ್ಸಿನ ರಣರಂಗದಲ್ಲಿ ಶತ್ರುಗಳು ಬಿಟ್ಟ ವಿಷಾನಿಲಕ್ಕೆ ಸಿಕ್ಕಿ ರೇನ್ಸ್ ಅವರ ಒಂದು ಕಣ್ಣಿನ ದೃಷ್ಟಿ ಬಹುಪಾಲು ನಷ್ಟವಾಯಿತು. ಸಾಮಾನ್ಯ ಸಿಪಾಯಿಯಾಗಿ ಸೇರಿದವರು ಯುದ್ಧ ಮುಗಿಯುವ ವೇಳೆಗೆ ಕ್ಯಾಪ್ಟನ್ ಪದವಿಗೆ ಏರಿದ್ದರು. ಆದರೆ ಆ ಕಣ್ಣು ಮರಳಿ ಬರಲಿಲ್ಲ. ನಟನಿಗೆ ಕಣ್ಣೇ ಅರ್ಧ ಅಭಿನಯ. ರೇನ್ಸ್ ಅವರು ಈ ಕೊರತೆಯನ್ನು ಎಷ್ಟು ಚೆನ್ನಾಗಿ ಮರೆಸಿದರೆಂದರೆ, ಅವರ ಚಿತ್ರಗಳನ್ನು ಮೆಚ್ಚಿ ನೋಡಿದ ಅಸಂಖ್ಯರಿಗೆ ಅವರು ಒಂದೇ ಕಣ್ಣಿನಿಂದ ಲೋಕವನ್ನು ನೋಡುತ್ತಿದ್ದರೆಂಬ ಸುಳಿವೂ ಹತ್ತಲಿಲ್ಲ.

ಯುದ್ಧಾನಂತರ ಅವರು ಲಂಡನ್ನಿನ ರಂಗಭೂಮಿಗೆ ಹಿಂದಿರುಗಿದರು. ಅದೇ ಕಾಲದಲ್ಲಿ, ೧೯೨೦ರ ದಶಕದಲ್ಲಿ, ತಮ್ಮ ಉಪಕಾರಿ ಟ್ರೀ ಅವರು ಸ್ಥಾಪಿಸಿದ್ದ ಆ ವಿದ್ಯಾಲಯದಲ್ಲಿಯೇ ಅಧ್ಯಾಪಕರಾದರು. ಟ್ರೀ ಅವರು ೧೯೧೭ರಲ್ಲಿಯೇ ಕಾಲವಾಗಿದ್ದರು. ಉಪಕಾರವನ್ನು ಉಪಕಾರಿಗೆ ಹಿಂದಿರುಗಿಸುವ ಅವಕಾಶ ಉಳಿದಿರಲಿಲ್ಲ. ಅದನ್ನು ಅವರ ಮನೆಯ ಮಕ್ಕಳಿಗೆ ಕೊಡುವ ಅವಕಾಶವಿತ್ತು. ರೇನ್ಸ್ ಅವರ ತರಗತಿಯಲ್ಲಿ ಕುಳಿತವರಲ್ಲಿ ಜಾನ್ ಗೀಲ್ಗುಡ್ ಒಬ್ಬರು. ಇವರು ಮುಂದೆ ಇಂಗ್ಲೆಂಡಿನ ರಂಗಭೂಮಿಯಲ್ಲಿ ಷೇಕ್ಸ್‌ಪಿಯರನ ಪದ್ಯವನ್ನು ನುಡಿಯುವುದರಲ್ಲಿ ಅದ್ವಿತೀಯರೆನಿಸಿದರು. ತಮ್ಮ ಗುರುವಿನ ಋಣವನ್ನು ಅವರು ವೃದ್ಧಾಪ್ಯದವರೆಗೂ ಮುಕ್ತಕಂಠದಿಂದ ಸ್ಮರಿಸುತ್ತಿದ್ದರು. ಚಾರ್ಲ್ಸ್ ಲಾಟನ್ ಇನ್ನೊಬ್ಬ ಶಿಷ್ಯರು. ಸ್ವಭಾವದಿಂದಲೇ ಶುದ್ಧವಾಗಿ ಮಾತನಾಡುವವನು ಪರರ ತಪ್ಪನ್ನು ಹಾಸ್ಯ ಮಾಡಬಹುದು. ತಾನು ತಪ್ಪಿ, ತಿದ್ದಿಕೊಂಡು ಬಂದವನು ಮಾತ್ರವೇ ತಪ್ಪು ಎಲ್ಲಿ ಹುಟ್ಟುತ್ತದೆ, ಹೇಗೆ ಹೋಗುತ್ತದೆ ಎಂಬುದನ್ನು ಹೇಳಿಕೊಡಬಲ್ಲನು.

೧೯೨೦ರ ದಶಕದ ಉತ್ತರಾರ್ಧದಲ್ಲಿ ರೇನ್ಸ್ ಅವರು ಅಮೆರಿಕಕ್ಕೆ ತೆರಳಿ ನ್ಯೂಯಾರ್ಕಿನ ರಂಗಭೂಮಿಯಲ್ಲಿ ನೆಲೆಸಿದರು. ೧೯೩೨ರಲ್ಲಿ ಪರ್ಲ್ ಬಕ್ ಅವರ ಕಾದಂಬರಿ ‘ದಿ ಗುಡ್ ಅರ್ತ್’ ನಾಟಕವಾದಾಗ ಅದರಲ್ಲಿ ಚೀನೀ ರೈತನಾದ ವಾಂಗ್ ಲಂಗ್‌ನ ಪಾತ್ರವನ್ನು ವಹಿಸಿದರು. ಚಲನಚಿತ್ರಕ್ಕೆ ಮಾತು ಬಂದು ಕೆಲವು ವರ್ಷಗಳಾಗಿದ್ದವು. ಪರೀಕ್ಷಾರ್ಥವಾಗಿ ಅವರ ಅಭಿನಯವನ್ನು ಒಮ್ಮೆ ಚಿತ್ರೀಕರಿಸಲಾಯಿತು; ಆದರೆ ರಂಗಭೂಮಿಯ ರೂಢಿಯಿಂದ ಬಂದ ದೊಡ್ಡ ಚೇಷ್ಟೆಗಳು ಕ್ಯಾಮರಾದ ಹತ್ತಿರದ ದೃಷ್ಟಿಗೆ ಹೊಂದಲಿಲ್ಲ. ಆ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾಗಲಿಲ್ಲ. ಅದೇ ಚಿತ್ರಿಕೆಯಲ್ಲಿದ್ದ ಅವರ ಕಂಠವನ್ನು ಕೇಳಿದ ನಿರ್ದೇಶಕ ಜೇಮ್ಸ್ ವ್ಹೇಲ್ ಅವರು ತಮಗೆ ಬೇಕಾದವರು ಇವರೇ ಎಂದು ನಿಶ್ಚಯಿಸಿದರು.

ಅವರು ತೆಗೆಯಲಿದ್ದ ಚಿತ್ರ ಎಚ್. ಜಿ. ವೆಲ್ಸ್ ಅವರ ೧೮೯೭ರ ಕಾದಂಬರಿಯನ್ನು ಆಧರಿಸಿದ ‘ದಿ ಇನ್‌ವಿಸಿಬಲ್ ಮ್ಯಾನ್’, ಎಂದರೆ ‘ಅದೃಶ್ಯ ಮನುಷ್ಯ’. ೧೯೩೩ರಲ್ಲಿ ಅದು ತೆರೆಕಂಡಾಗ ರೇನ್ಸ್ ಅವರಿಗೆ ನಲವತ್ತನಾಲ್ಕು ವರ್ಷ. ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ಭರತನು ಹೇಳಿದ ನಾಲ್ಕು ಬಗೆಯ ಅಭಿನಯಗಳಲ್ಲಿ ಈ ಪಾತ್ರಕ್ಕೆ ಮುಖ್ಯವಾಗಿ ಉಳಿದುದು ವಾಚಿಕವೊಂದೇ. ಕಥಾನಾಯಕನಾದ ವಿಜ್ಞಾನಿಯು ಮುಖಕ್ಕೆಲ್ಲ ಬಟ್ಟೆಯ ಪಟ್ಟಿ ಸುತ್ತಿಕೊಂಡಿರುತ್ತಾನೆ. ಪಟ್ಟಿ ಬಿಚ್ಚಿದರೆ ಒಳಗೆ ಶೂನ್ಯ. ಕರಿಯ ಮಖಮಲ್ಲಿನ ಹಿನ್ನೆಲೆಯ ಮುಂದೆ ಕರಿಯ ಮಖಮಲ್ಲನ್ನೇ ತೊಟ್ಟು, ಅದರ ಮೇಲೆ ಪಾತ್ರದ ಉಡುಪನ್ನು ಧರಿಸಿ ನಟಿಸಿದ ಚಿತ್ರವನ್ನು ಇನ್ನೊಂದು ಚಿತ್ರದೊಡನೆ ಜೋಡಿಸಿ ಈ ಚಮತ್ಕಾರವನ್ನು ಸಾಧಿಸಲಾಗಿತ್ತು. ನಟನ ಮುಖವು ಪ್ರೇಕ್ಷಕರಿಗೆ ಕಾಣುವುದು ಕಟ್ಟಕಡೆಯಲ್ಲಿ, ಪ್ರಾಣ ಹೋದ ಮೇಲೆ, ಕೆಲವು ಕ್ಷಣ ಮಾತ್ರ. ಅಷ್ಟರೊಳಗೆ ಅಹಂಕಾರ, ಉನ್ಮಾದ, ಕ್ರೋಧ, ದೈನ್ಯಗಳೆಲ್ಲವನ್ನೂ ಕಂಠವೊಂದೇ ಚಿತ್ರಿಸಿ ಮುಗಿಸಿರುತ್ತದೆ. ಮುಖವನ್ನೇ ತೋರದೆ ಒಬ್ಬ ನಟನು ಪ್ರಸಿದ್ಧನಾದನು. ನಾಲಗೆ ತಿದ್ದಲೆಂದು ಟ್ರೀ ಅವರು ಕೊಟ್ಟ ಹಣವು ಮೂರು ದಶಕಗಳ ಬಳಿಕ ಹೀಗೆ ಫಲ ಕೊಟ್ಟಿತು.

ಅನಂತರ ಅವರು ವಾರ್ನರ್ ಬ್ರದರ್ಸ್ ಸಂಸ್ಥೆಯ ಕರಾರಿಗೆ ಒಳಪಟ್ಟು ಸಾಲುಸಾಲಾಗಿ ಪೋಷಕ ಪಾತ್ರಗಳನ್ನು ನಿರ್ವಹಿಸಿದರು. ೧೯೩೮ರ ‘ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್’ ಚಿತ್ರದಲ್ಲಿ ಅವರು ಕಪಟಿಯಾದ ರಾಜಕುಮಾರ ಜಾನ್. ೧೯೪೨ರ ‘ನೌ, ವಾಯೇಜರ್’ ಚಿತ್ರದಲ್ಲಿ ಮನೋರೋಗಿಗಳನ್ನು ಕರುಣೆಯಿಂದ ಕಾಣುವ ವೈದ್ಯರು. ದುಷ್ಟ ಪಾತ್ರವಾದರೂ ಅದರೊಳಗಿನ ಮನುಷ್ಯನನ್ನು ಹುಡುಕಿ ತೋರಿಸುವುದು ಅವರ ಮಾರ್ಗ. ಫ್ರಾಂಕ್ ಕ್ಯಾಪ್ರಾ ಅವರು ೧೯೩೯ರಲ್ಲಿ ತೆಗೆದ ‘ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್’ ಚಿತ್ರವನ್ನು ಇದಕ್ಕೆ ಉದಾಹರಿಸಬಹುದು. ಸೆನೆಟ್ ಸಭೆಗೆ ಹೊಸದಾಗಿ ಬಂದ ಮುಗ್ಧ ತರುಣನ ಪಾತ್ರ ಜೇಮ್ಸ್ ಸ್ಟೂವರ್ಟ್ ಅವರದು. ರೇನ್ಸ್ ಅವರು ಅದೇ ಸಭೆಯ ಹಿರಿಯ ಸದಸ್ಯ ಪೇಯ್ನ್. ಈತನು ಆ ತರುಣನ ದಿವಂಗತ ತಂದೆಗೆ ಗೆಳೆಯ. ಒಂದು ಕಾಲದ ಆದರ್ಶವಾದಿ. ಈಗ ಒಬ್ಬ ಹಣವಂತ ರಾಜಕೀಯ ನಾಯಕನ ಕೈಗೊಂಬೆ. ಸುಳ್ಳು ಆಪಾದನೆಯನ್ನು ಹೊರಿಸಿ ಗೆಳೆಯನ ಮಗನನ್ನು ತುಳಿಯುವ ಕಾರ್ಯ ಈತನ ಪಾಲಿಗೆ ಬರುತ್ತದೆ. ಸಭೆಯಲ್ಲಿ ಈತನ ನುಡಿಯು ಎಷ್ಟು ಸುಂದರವೋ ಅದರ ಹಿಂದಣ ಅಸತ್ಯವು ಅಷ್ಟೇ ಕ್ರೂರ. ಕೊನೆಗೆ ಅಂತಃಸಾಕ್ಷಿಯು ಒಡೆದು, ತನ್ನ ಪಾಪವನ್ನು ಸಭೆಯ ಮುಂದೆ ಕೂಗಿ ಹೇಳುವಾಗ, ಅಲ್ಲಿಯವರೆಗೆ ಹದ ತಪ್ಪದಿದ್ದ ಆ ಕಂಠವು ಮೊದಲ ಬಾರಿಗೆ ಒಡೆಯುತ್ತದೆ. ಸುಸಂಸ್ಕೃತ ವಾಣಿಯು ಸತ್ಯಕ್ಕೂ ಅಸತ್ಯಕ್ಕೂ ಸಮಾನವಾಗಿ ದುಡಿಯಬಲ್ಲುದೆಂಬ ಎಚ್ಚರಿಕೆಯನ್ನು ಭಾಷೆ ಕಲಿಸುವವರು ಈ ಪಾತ್ರದಿಂದ ಪಡೆಯಬಹುದು.

೧೯೪೨ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ತೆರೆಕಂಡ ‘ಕಾಸಾಬ್ಲಾಂಕಾ’ ಚಿತ್ರದಲ್ಲಿ ಅವರದು ಕ್ಯಾಪ್ಟನ್ ರೆನೋ ಎಂಬ ಪೊಲೀಸ್ ಅಧಿಕಾರಿಯ ಪಾತ್ರ. ಜರ್ಮನರಿಗೆ ಮಣಿದ ಫ್ರೆಂಚ್ ಸರಕಾರದ ಸೇವಕನಾದ ಈತ ಲಂಚಕೋರ, ಸ್ತ್ರೀಲೋಲ, ಗಾಳಿ ಬೀಸಿದತ್ತ ವಾಲುವವ. ಒಂದು ಹೋಟೆಲಿನಲ್ಲಿ ಜೂಜು ನಡೆಯುತ್ತಿದೆಯೆಂದು ಬೆರಗನ್ನು ನಟಿಸಿ ಅದನ್ನು ಮುಚ್ಚಿಸುವ ಹೊತ್ತಿನಲ್ಲಿಯೇ, ಈತ ಗೆದ್ದ ಜೂಜಿನ ಹಣವನ್ನು ಅಲ್ಲಿಯ ನೌಕರನು ತಂದು ಕೈಗಿಡುತ್ತಾನೆ; ಲವಲೇಶವೂ ನಾಚದೆ ವಂದಿಸಿ ಅದನ್ನು ಸ್ವೀಕರಿಸುತ್ತಾನೆ. ಆದರೂ ಪ್ರೇಕ್ಷಕರು ಈತನನ್ನು ದ್ವೇಷಿಸಲಾರರು. ತನ್ನ ನೀಚತನ ತನಗೇ ತಿಳಿದಿದೆಯೆಂಬ ಭಾವವನ್ನು ರೇನ್ಸ್ ಅವರು ಪ್ರತಿಯೊಂದು ಮಾತಿನ ಅಡಿಯಲ್ಲಿಯೂ ಇಟ್ಟಿದ್ದಾರೆ. ಆದುದರಿಂದಲೇ ಕೊನೆಯಲ್ಲಿ, ವಿಶೀ ಎಂಬ ಊರಿನ ಹೆಸರುಳ್ಳ ನೀರಿನ ಸೀಸೆಯನ್ನು ನೋಡಿ, ಆ ಊರಿನಿಂದ ಆಳುವ ಹೇಡಿ ಸರಕಾರವನ್ನೇ ತಿರಸ್ಕರಿಸುವವನಂತೆ ಅದನ್ನು ಕಸದ ಬುಟ್ಟಿಗೆ ಎಸೆದು ಕಾಲಿನಿಂದ ಒದೆಯುವಾಗ, ಆ ಪರಿವರ್ತನೆಯು ಕೃತಕವೆನಿಸುವುದಿಲ್ಲ. ಹಂಫ್ರಿ ಬೋಗಾರ್ಟ್ ಅವರ ನಾಯಕನು ಚಿತ್ರಾಂತ್ಯದಲ್ಲಿ ಮಂಜಿನೊಳಗೆ ನಡೆದುಹೋಗುವಾಗ ಜತೆಯಲ್ಲಿರುವವಳು ನಾಯಿಕೆಯಲ್ಲ. ಈ ಪೋಷಕ ನಟರು!

ಹಿಚ್ಕಾಕ್ ಅವರ ೧೯೪೬ರ ‘ನೊಟೋರಿಯಸ್’ ಚಿತ್ರದಲ್ಲಿ ಅವರು ನಾಜಿಗಳ ಪಕ್ಷದ ಸಂಚುಗಾರ ಸೆಬಾಸ್ಟಿಯನ್. ಬೇಹುಗಾರ್ತಿಯೆಂದು ಅರಿಯದೆ ಒಬ್ಬಳನ್ನು ಮನಸಾರೆ ಪ್ರೀತಿಸಿ ಮದುವೆಯಾಗುತ್ತಾನೆ. ನಾಯಿಕೆ ಇಂಗ್ರಿಡ್ ಬರ್ಗ್‌ಮನ್ ಅವರು ರೇನ್ಸ್ ಅವರಿಗಿಂತ ಎತ್ತರವಾದುದರಿಂದ ಕೆಲವು ದೃಶ್ಯಗಳಲ್ಲಿ ಇವರನ್ನು ಇಳಿಜಾರು ಹಲಗೆಯ ಮೇಲೆ ನಡೆಸಬೇಕಾಯಿತು. ನಾಯಕನು ಆಕೆಯನ್ನು ಬಿಡಿಸಿಕೊಂಡು ಮೆಟ್ಟಿಲಿಳಿದು ಹೋಗುವಾಗ ಸೆಬಾಸ್ಟಿಯನ್ ಕೂಗಲಾರ, ತಡೆಯಲಾರ. ಹಿಂದೆ ನಿಂತು ನೋಡುತ್ತಿರುವ ಸಹಚರರಿಗೆ ನಿಜ ತಿಳಿದರೆ ಮರಣವೇ ಗತಿ. ಕಾರಿನ ಬಾಗಿಲು ಅವನಿಗೆ ಮುಚ್ಚುತ್ತದೆ. ತಿರುಗಿ, ಒಂದೊಂದೇ ಮೆಟ್ಟಿಲೇರಿ, ತನ್ನ ಮನೆಯ ಬಾಗಿಲೊಳಗೆ ನಡೆಯುತ್ತಾನೆ. ವಾಚಿಕದಲ್ಲಿ ಅಷ್ಟು ಸಮರ್ಥರಾದವರು ತಮ್ಮ ಶ್ರೇಷ್ಠ ದೃಶ್ಯಗಳಲ್ಲೊಂದನ್ನು ಬೆನ್ನು ತೋರಿಸಿ, ಮೌನವಾಗಿ ಮುಗಿಸಿದರು. ಪ್ರತಿನಾಯಕನ ಮೇಲೆ ಕರುಣೆ ಹುಟ್ಟಿಸುವ ಇಂಥ ಸಿದ್ಧಿ ಸುಲಭಸಾಧ್ಯವಲ್ಲ.

ಲೋಕವಾಡಿಕೆಯಲ್ಲಿ ಆಸ್ಕರ್ ಎನಿಸಿದ ಅಕಾಡೆಮಿ ಪ್ರಶಸ್ತಿಯಲ್ಲಿ ಪೋಷಕ ನಟರಿಗೂ ಸ್ಥಾನ ದೊರೆತುದು ೧೯೩೬ರ ಚಿತ್ರಗಳಿಂದ ಮೊದಲುಗೊಂಡು. ಮೊದಲ ಕೆಲವು ವರ್ಷಗಳಲ್ಲಿ ನಾಯಕರಿಗೆ ಪೂರ್ಣ ಪ್ರತಿಮೆ, ಪೋಷಕರಿಗೆ ಬರಿಯ ಫಲಕ! ರೇನ್ಸ್ ಅವರ ಹೆಸರು ನಾಲ್ಕು ಬಾರಿ ಸೂಚಿತವಾಯಿತು: ಮೇಲೆ ಹೇಳಿದ ಮೂರು ಚಿತ್ರಗಳಿಗಾಗಿ, ಮತ್ತು ೧೯೪೪ರ ‘ಮಿಸ್ಟರ್ ಸ್ಕೆಫಿಂಗ್ಟನ್’ ಚಿತ್ರಕ್ಕಾಗಿ. ಈ ಕೊನೆಯದರಲ್ಲಿ ಅವರು ರೂಪಗರ್ವಿತೆಯೊಬ್ಬಳ ಸಹನಶೀಲ ಪತಿ; ನಾಜಿಗಳ ಸೆರೆಯಿಂದ ಕುರುಡನಾಗಿ ಹಿಂದಿರುಗಿದ ಆತನಿಗೆ ಮಾತ್ರ, ರೂಪ ಕಳೆದುಕೊಂಡ ಪತ್ನಿಯು ಎಂದಿನಂತೆ ಸುಂದರಿಯೇ. ನಾಲ್ಕು ಬಾರಿಯೂ ಪ್ರಶಸ್ತಿ ಅನ್ಯರ ಪಾಲಾಯಿತು. ನಾಲ್ಕನೆಯ ಸಲ ಅದನ್ನು ಪಡೆದವರು ಹೆರಾಲ್ಡ್ ರಸೆಲ್; ಸೈನ್ಯದಲ್ಲಿ ನಡೆದ ಸ್ಫೋಟದಲ್ಲಿ ಎರಡು ಕೈಗಳನ್ನೂ ಕಳೆದುಕೊಂಡು, ವೃತ್ತಿನಟರಲ್ಲದಿದ್ದರೂ ಅಂಥ ಯೋಧನ ಪಾತ್ರದಲ್ಲಿಯೇ ಅಭಿನಯಿಸಿದವರು. ಯುದ್ಧದಲ್ಲಿ ಕಣ್ಣು ಕಳೆದುಕೊಂಡಿದ್ದ ಹಳೆಯ ಸೈನಿಕರನ್ನು ದಾಟಿ ಪ್ರಶಸ್ತಿಯು ಇನ್ನೊಬ್ಬ ಗಾಯಗೊಂಡ ಸೈನಿಕರಿಗೆ ಸಂದಿತು.

ಅವರು ಮುಖ್ಯಪಾತ್ರಕ್ಕೆ ಅಸಮರ್ಥರೇನೂ ಆಗಿರಲಿಲ್ಲ. ೧೯೪೫ರಲ್ಲಿ ಬರ್ನಾರ್ಡ್ ಷಾ ಅವರ ‘ಸೀಸರ್ ಅಂಡ್ ಕ್ಲಿಯೋಪಾತ್ರಾ’ ಚಿತ್ರವಾದಾಗ ಅವರೇ ಸೀಸರ್. ೧೯೫೧ರಲ್ಲಿ ಆರ್ಥರ್ ಕೋಸ್ಲರ್ ಅವರ ‘ಡಾರ್ಕ್‌ನೆಸ್ ಅಟ್ ನೂನ್’ ನ್ಯೂಯಾರ್ಕಿನಲ್ಲಿ ರಂಗವನ್ನೇರಿದಾಗ, ತಾನು ಕಟ್ಟಿದ ಪಕ್ಷದಿಂದಲೇ ಸೆರೆಗೆ ಬಿದ್ದ ವೃದ್ಧ ಕ್ರಾಂತಿಕಾರಿ ರುಬಾಷೋವ್ ಪಾತ್ರವನ್ನು ಧರಿಸಿ, ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿಯನ್ನು ಶ್ರೇಷ್ಠ ನಟರಾಗಿ ಪಡೆದರು. ಆಗ ಅವರಿಗೆ ವಯಸ್ಸು ಅರುವತ್ತೊಂದು.

೧೯೩೯ರಲ್ಲಿ ಅಮೆರಿಕದ ಪ್ರಜೆಯಾದ ಅವರು, ಪೆನ್ಸಿಲ್ವೇನಿಯಾದಲ್ಲಿ ಮುನ್ನೂರು ಎಕರೆಗೂ ಮಿಕ್ಕಿದ ಜಮೀನು ಕೊಂಡು, ಚಿತ್ರಗಳ ನಡುವಣ ಬಿಡುವಿನಲ್ಲಿ ಬೇಸಾಯದಲ್ಲಿ ನೆಮ್ಮದಿ ಕಂಡರು. ಗೃಹಜೀವನದಲ್ಲಿ ಮಾತ್ರ ಆ ನೆಮ್ಮದಿ ಸಿಗಲಿಲ್ಲ. ಆರು ಬಾರಿ ವಿವಾಹವಾಯಿತು. ಐದು ವಿಚ್ಛೇದನದಲ್ಲಿ ಕೊನೆಗೊಂಡವು. ಆರನೆಯ ಪತ್ನಿ ೧೯೬೪ರಲ್ಲಿ ಮೃತರಾದರು. ಪರರ ಮನಸ್ಸನ್ನು ಕಂಠದಲ್ಲಿ ತಂದು ತೋರಿಸಬಲ್ಲವರಿಗೆ ಮನೆಯ ಬಾಳು ಒಲಿಯಲಿಲ್ಲವೆಂಬುದನ್ನು ಮರೆಮಾಚಿ ಹೇಳಬೇಕಾದುದಿಲ್ಲ. ಕಲೆಯ ಸಿದ್ಧಿಯು ಬಾಳಿನ ಸಿದ್ಧಿಗೆ ಪ್ರಮಾಣಪತ್ರವಾಗಲಾರದು.

ಅವರ ಒಬ್ಬಳೇ ಮಗಳು ಮುಂದೆ ಹೇಳಿರುವ ಒಂದು ಪ್ರಸಂಗವುಂಟು. ‘ಅದೃಶ್ಯ ಮನುಷ್ಯ’ ಚಿತ್ರವನ್ನು ಮಗಳಿಗೆ ತೋರಿಸಬೇಕೆಂದು ಅವರು ಒಂದು ಸಣ್ಣ ಊರಿನ ಚಿತ್ರಮಂದಿರಕ್ಕೆ ಹೋದರು. ಗುರುತು ಸಿಗಬಾರದೆಂದು ಟೊಪ್ಪಿಗೆಯಿಂದಲೂ ಕಂಠವಸ್ತ್ರದಿಂದಲೂ ಮುಖವನ್ನು ಮುಚ್ಚಿಕೊಂಡಿದ್ದರು. ಟಿಕೆಟು ಕೇಳಲು ಬಾಯಿ ತೆರೆದುದೇ ತಡ, ಮಾರುವವನಿಗೆ ಆಸಾಮಿ ಯಾರೆಂದು ತಿಳಿದುಹೋಯಿತು. ಒಳಗೆ ಕುಳಿತು ಚಿತ್ರವನ್ನು ತೆಗೆದ ಬಗೆಯನ್ನು ಮಗಳಿಗೆ ವಿವರಿಸತೊಡಗಿದಾಗ, ಸುತ್ತಲಿನ ಜನರು ತೆರೆಯನ್ನು ಬಿಟ್ಟು ಅವರ ಮಾತಿಗೇ ಕಿವಿಗೊಟ್ಟರಂತೆ.

೧೯೬೨ರ ‘ಲಾರೆನ್ಸ್ ಆಫ್ ಅರೇಬಿಯಾ’ ಚಿತ್ರದಲ್ಲಿ ಅವರು ಬ್ರಿಟಿಷ್ ರಾಜನೀತಿಜ್ಞ ಡ್ರೈಡನ್ ಆಗಿ ಕಾಣಿಸಿಕೊಂಡರು. ೧೯೬೫ರಲ್ಲಿ ಬಂದ ‘ದಿ ಗ್ರೇಟೆಸ್ಟ್ ಸ್ಟೋರಿ ಎವರ್ ಟೋಲ್ಡ್’ ಅವರ ಕೊನೆಯ ಚಿತ್ರ. ೧೯೬೭ನೆಯ ಮೇ ೩೦ರಂದು, ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಲಕೋನಿಯಾ ಎಂಬಲ್ಲಿ, ಎಪ್ಪತ್ತೇಳನೆಯ ವಯಸ್ಸಿನಲ್ಲಿ ಅವರು ಕಾಲವಾದರು.

ಟ್ರೀ ಅವರು ಈ ಚಿತ್ರಗಳಲ್ಲಿ ಒಂದನ್ನೂ ನೋಡಲಿಲ್ಲ. ಮಾತನಾಡುವ ಚಲನಚಿತ್ರವೆಂಬುದು ಬರುವ ಮುನ್ನವೇ ಅವರು ತೀರಿಕೊಂಡಿದ್ದರು. ತಾವು ಕೊಟ್ಟ ಹಣ ಯಾವ ಫಲ ಕೊಟ್ಟಿತೆಂಬುದನ್ನು ಅರಿಯದೆಯೇ ಹೋದರು. ವಿದ್ಯಾದಾನ ಮಾಡಿದವರಲ್ಲಿಯೂ, ವಿದ್ಯೆ ಕಲಿಸಿದವರಲ್ಲಿಯೂ ಬಹುಮಂದಿಯ ಪಾಡು ಇದೇ. ಫಲವನ್ನು ನೋಡುವ ಭಾಗ್ಯ ಅವರಿಗೆ ಸಿಗದಿರಬಹುದು. ಆದರೆ ಲಂಡನ್ನಿನ ಒಂದು ನಾಟಕಶಾಲೆಯ ನೇಪಥ್ಯದಲ್ಲಿ ನಟರನ್ನು ಕೂಗಿ ಕರೆಯುತ್ತಿದ್ದ ಬಡ ಹುಡುಗನು ತನ್ನ ಹೆಸರನ್ನು ಸ್ಪಷ್ಟವಾಗಿ ಹೇಳಿಕೊಳ್ಳಲು ಕಲಿತನು. ಕಲಿತುದನ್ನು ಇತರರಿಗೆ ಕಲಿಸಿದನು. ಬದುಕಿನ ಉದ್ದಕ್ಕೂ ಇತರರ ಪಕ್ಕದಲ್ಲಿ ನಿಂತು ಅವರ ಕಥೆಯನ್ನು ಬೆಳಗಿಸಿದನು. ಕೊಟ್ಟ ಕೈಗೆ ಇದಕ್ಕಿಂತ ಹೆಚ್ಚಿನ ಪ್ರತಿಫಲವನ್ನು ಬಯಸುವ ಅಗತ್ಯವಿರಲಿಲ್ಲ.